ಬಾಹ್ಯಾಕಾಶದ ಗಡಿನಾಡಿನಲ್ಲಿ ಹಳೆಯ ಕೋವಿಗಳು: 'ಫೈರ್‌ಫ್ಲೈ' ಮತ್ತು ಅದರ ಬಳಗದ ಧಾರಾವಾಹಿಗಳ ತಂತ್ರಜ್ಞಾನ ಎಷ್ಟು ನಂಬಲರ್ಹ?

ನೀಲಿದಿಗಂತ

ಜಾಸ್ ವೀಡನ್ ರೂಪಿಸಿದ 'ಫೈರ್‌ಫ್ಲೈ' ಧಾರಾವಾಹಿಯನ್ನು ಈಚೆಗೆ ಮತ್ತೆ ಪೂರ್ತಿಯಾಗಿ ನೋಡಿದೆ. ಅದರಲ್ಲಿ ಬರುವ ಆಯುಧಗಳ ಕುರಿತು ನಿಧಾನವಾಗಿ ಒಂದು ಚರ್ಚೆ ನಡೆಯಬೇಕೆನ್ನಿಸಿ ಇದನ್ನು ಆರಂಭಿಸುತ್ತಿದ್ದೇನೆ. ನೋಡದವರಿಗಾಗಿ ಸ್ವಲ್ಪ ಹಿನ್ನೆಲೆ ಹೇಳುತ್ತೇನೆ. ಕಥೆ ನಡೆಯುವುದು 2517ರಲ್ಲಿ. ಮನುಷ್ಯರು ಭೂಮಿಯನ್ನು ತೊರೆದು, ಬೇರೊಂದು ಕಡೆ ಹತ್ತಾರು ಗ್ರಹ ಉಪಗ್ರಹಗಳನ್ನು ವಾಸಯೋಗ್ಯ ಮಾಡಿಕೊಂಡು ನೆಲೆಸಿದ್ದಾರೆ. ನಡುವಿನ ಶ್ರೀಮಂತ ಗ್ರಹಗಳನ್ನು ಆಳುವ 'ಅಲಯನ್ಸ್' ಎಂಬ ಒಕ್ಕೂಟವು ಅಂಚಿನ ಬಡ ಗ್ರಹಗಳನ್ನು ಯುದ್ಧದಲ್ಲಿ ಸೋಲಿಸಿ ಆರು ವರ್ಷಗಳಾಗಿವೆ. ಸೋತ ಪಕ್ಷದಲ್ಲಿ ಸಾರ್ಜೆಂಟ್ ಆಗಿದ್ದ ಮ್ಯಾಲ್ ರೆನಾಲ್ಡ್ಸ್ ಈಗ 'ಸೆರೆನಿಟಿ' ಎಂಬ ಹಳೆಯ ಸರಕು ನೌಕೆಗೆ ಒಡೆಯ. ಅವನ ಸೊಂಟದಲ್ಲಿರುವುದು ಹಿತ್ತಾಳೆಯ ಬಣ್ಣದ ಕವಚ ತೊಟ್ಟ ರಿವಾಲ್ವರ್. ಅವನ ಪಕ್ಷದಲ್ಲೇ ಯುದ್ಧ ಮಾಡಿದ ಜೋಯಿಯ ಬಳಿ ಇರುವುದು ನಳಿಗೆಯನ್ನೂ ಹಿಡಿಯನ್ನೂ ಕತ್ತರಿಸಿ ಮೊಟಕು ಮಾಡಿದ, ಸನ್ನೆ ಎಳೆದು ತೋಟಾ ತುಂಬುವ ರೈಫಲ್. ಅಂಚಿನ ಗ್ರಹಗಳಲ್ಲಿ ಜನ ಕುದುರೆಯ ಮೇಲೆ ಓಡಾಡುತ್ತಾರೆ, ನಡುವಿನ ಗ್ರಹಗಳ ಆಸ್ಪತ್ರೆಗಳಲ್ಲಿ ಮೆದುಳಿನ ಒಳಗನ್ನು ಗಾಳಿಯಲ್ಲಿ ಮೂಡಿಸಿ ತೋರಿಸುವ ಯಂತ್ರಗಳಿವೆ.

ಇದರ ವಿರುದ್ಧ ಯಾವಾಗಲೂ ಕೇಳಿಬರುವ ಆಕ್ಷೇಪ ಒಂದೇ. ಗ್ರಹದಿಂದ ಗ್ರಹಕ್ಕೆ ಹಾರಬಲ್ಲ ಜನ ಸೀಸದ ಗುಂಡು ಹಾರಿಸುತ್ತಾರೆಯೇ? ಇದಕ್ಕೆ ಅಭಿಮಾನಿಗಳು ಕೊಡುವ ಉತ್ತರವೂ ಒಂದೇ. ಇದು ಕೌಬಾಯ್ ಕಥೆ, ಆದ್ದರಿಂದ ಕೌಬಾಯ್ ಕೋವಿ. ಎರಡೂ ಮಾತುಗಳು ನನಗೆ ಸಾಲದೆನ್ನಿಸುತ್ತವೆ. ಒಂದು ಆಯುಧ ಹಳತೋ ಹೊಸತೋ ಎಂಬುದರಿಂದ ಅದರ ನೈಜತೆ ತೀರ್ಮಾನವಾಗುವುದಿಲ್ಲ. ಆ ದೂರದ ಉಪಗ್ರಹದಲ್ಲಿ ಅದಕ್ಕೆ ಮದ್ದುಗುಂಡು ಒದಗಿಸುವವರು ಯಾರು, ಕೆಟ್ಟರೆ ಸರಿಪಡಿಸುವವರು ಯಾರು, ಅದಕ್ಕೆ ತೆರಬೇಕಾದ ಬೆಲೆ ಅಲ್ಲಿಯ ಮನುಷ್ಯನ ಕೈಯಲ್ಲಿದೆಯೇ ಎಂಬ ಪ್ರಶ್ನೆಗಳನ್ನು ಕಥೆ ಗಂಭೀರವಾಗಿ ತೆಗೆದುಕೊಂಡಿದೆಯೇ ಎನ್ನುವುದೇ ನೈಜತೆಯ ಒರೆಗಲ್ಲು ಎಂದು ನನ್ನ ನಂಬಿಕೆ. 'ಫೈರ್‌ಫ್ಲೈ' ಈ ಒರೆಗೆ ಕೆಲವೆಡೆ ಅದ್ಭುತವಾಗಿ ನಿಲ್ಲುತ್ತದೆ, ಕೆಲವೆಡೆ ನಿಲ್ಲುವುದೇ ಇಲ್ಲ. ಬಲ್ಲವರು ತಮ್ಮ ಅಭಿಪ್ರಾಯ ಬರೆಯಬೇಕೆಂದು ಕೋರುತ್ತೇನೆ.

ತಿರುಪುಮೊಳೆ

ನೀಲಿದಿಗಂತ ಅವರೇ, ಪೂರೈಕೆಯ ಮಾತಿಗೆ ಬರುವ ಮೊದಲು ಭೌತಶಾಸ್ತ್ರದ ಒಂದು ವಿಷಯವನ್ನು ಇತ್ಯರ್ಥ ಮಾಡಿಕೊಳ್ಳೋಣ, ಏಕೆಂದರೆ ಈ ಧಾರಾವಾಹಿ ಅಲ್ಲಿಯೇ ಎಡವಿದೆ. 'ಅವರ್ ಮಿಸೆಸ್ ರೆನಾಲ್ಡ್ಸ್' ಕಂತಿನಲ್ಲಿ ಕಳ್ಳರು ಹರಡಿದ ವಿದ್ಯುತ್ ಬಲೆಯೊಳಕ್ಕೆ ನೌಕೆ ಸಾಗುತ್ತಿರುತ್ತದೆ. ಆ ಬಲೆಯ ನಿಯಂತ್ರಣ ಪೆಟ್ಟಿಗೆಯನ್ನು ಜೇನ್ ಎಂಬಾತ ತನ್ನ ಮುದ್ದಿನ ಕೋವಿ 'ವೀರಾ'ದಿಂದ ಹೊಡೆಯಬೇಕು. ಸುತ್ತ ಆಮ್ಲಜನಕವಿಲ್ಲದೆ ಕೋವಿ ಹಾರುವುದಿಲ್ಲವೆಂದು ಹೇಳಿ, ಆ ಕೋವಿಯನ್ನೇ ಒಂದು ಗಗನಯಾತ್ರಿಯ ಉಡುಪಿನೊಳಗೆ ಇಟ್ಟು, ಶಿರಸ್ತ್ರಾಣದ ಗಾಜನ್ನು ಸೀಳಿಕೊಂಡು ಗುಂಡು ಹೋಗುವಂತೆ ಹಾರಿಸುತ್ತಾರೆ. ದೃಶ್ಯ ಚೆನ್ನಾಗಿದೆ, ಆದರೆ ಕಾರಣ ತಪ್ಪು. ಹಳೆಯ ಕರಿಮದ್ದಿನಲ್ಲಿ ಗಂಧಕ ಮತ್ತು ಇದ್ದಿಲಿನ ಜೊತೆಗಿರುವ ಪೆಟ್ಲುಪ್ಪೇ ಉರಿಯಲು ಬೇಕಾದ ಆಮ್ಲಜನಕವನ್ನು ಒದಗಿಸುತ್ತದೆ. ಇಂದಿನ ಹೊಗೆರಹಿತ ಮದ್ದಾದ ನೈಟ್ರೊಸೆಲ್ಯುಲೋಸ್ ಕೂಡ ತನ್ನ ಅಣುವಿನೊಳಗೇ ಆಮ್ಲಜನಕವನ್ನು ಇಟ್ಟುಕೊಂಡಿರುತ್ತದೆ. ತೋಟಾ ಮುಚ್ಚಿದ ಡಬ್ಬಿಯಿದ್ದಂತೆ, ಅದರೊಳಗಿನ ಮದ್ದಿಗೆ ಹೊರಗಿನ ಗಾಳಿಯ ಹಂಗಿಲ್ಲ.

ಇದು ಬರಿಯ ಲೆಕ್ಕಾಚಾರವಲ್ಲ, ನಡೆದ ಸಂಗತಿ. ಸೋವಿಯತ್ ಒಕ್ಕೂಟವು 1974ರ ಜೂನ್‌ನಲ್ಲಿ ಕಕ್ಷೆಗೇರಿಸಿದ ಸಾಲ್ಯುತ್-3 ನಿಲ್ದಾಣವು ವಾಸ್ತವದಲ್ಲಿ ಅಲ್ಮಾಜ್ ಎಂಬ ಸೇನಾ ಯೋಜನೆಗೆ ಸೇರಿದ್ದು. ಅದರಲ್ಲಿ ಒಂದು ಫಿರಂಗಿ ಇತ್ತು. ಯಾತ್ರಿಗಳೆಲ್ಲ ಇಳಿದ ಮೇಲೆ, 1975ರ ಜನವರಿಯಲ್ಲಿ ನೆಲದಿಂದ ಆಜ್ಞೆ ಕಳಿಸಿ ಅದನ್ನು ಹಾರಿಸಿ ನೋಡಿದರು. ಅದು ಹಾರಿತು.

ನಿರ್ವಾತದಲ್ಲಿ ಕೋವಿಗೆ ನಿಜವಾಗಿ ಬರುವ ತೊಂದರೆಗಳು ಬೇರೆ. ಕೀಲುಗಳಿಗೆ ಹಾಕಿದ ಎಣ್ಣೆ ಆವಿಯಾಗಿ ಹೋಗುತ್ತದೆ ಅಥವಾ ನೆರಳಿನ ಚಳಿಗೆ ಗಟ್ಟಿಯಾಗುತ್ತದೆ. ಬಿಸಿಯಾದ ನಳಿಗೆಯನ್ನು ತಣಿಸಲು ಗಾಳಿಯಿಲ್ಲದ ಕಾರಣ, ಒಂದೇ ಸಮನೆ ಹಾರಿಸಿದರೆ ಶಾಖವು ವಿಕಿರಣದ ಮೂಲಕವಷ್ಟೇ ನಿಧಾನವಾಗಿ ಹೊರಹೋಗಬೇಕು. ಇನ್ನು ಹಿಮ್ಮುಖ ಒದೆತದ ಬಗ್ಗೆ ಜನರಲ್ಲಿ ಅತಿಯಾದ ಕಲ್ಪನೆಯಿದೆ. 8 ಗ್ರಾಂ ತೂಕದ ಗುಂಡು ಸೆಕೆಂಡಿಗೆ 250 ಮೀಟರ್ ವೇಗದಲ್ಲಿ ಹೊರಟರೆ, ಉಡುಪೂ ಸೇರಿ 100 ಕಿಲೋ ತೂಗುವ ಮನುಷ್ಯ ಸೆಕೆಂಡಿಗೆ 2 ಸೆಂಟಿಮೀಟರ್ ವೇಗದಲ್ಲಿ ಹಿಂದಕ್ಕೆ ತೇಲುತ್ತಾನೆ, ಅಷ್ಟೇ. ಆದರೆ ತೋಳು ಚಾಚಿ ಹಾರಿಸಿದರೆ ಮೈ ಗಿರಗಿರನೆ ತಿರುಗತೊಡಗುವುದರಿಂದ ಎರಡನೆಯ ಗುಂಡಿಗೆ ಗುರಿ ಹಿಡಿಯುವುದು ಕಷ್ಟವಾಗುತ್ತದೆ. ಇದನ್ನು ತೋರಿಸಿದ್ದರೆ ಗಾಜಿನ ಶಿರಸ್ತ್ರಾಣಕ್ಕಿಂತಲೂ ಒಳ್ಳೆಯ ದೃಶ್ಯವಾಗುತ್ತಿತ್ತು.

ಬೆಳ್ಳಿತೆರೆ

ಕೋವಿಗಳ ಆಯ್ಕೆಯ ಹಿಂದೆ ಟೆಲಿವಿಷನ್ ಉದ್ಯಮದ ಕೈವಾಡ ಎಷ್ಟಿದೆ ಎಂಬುದನ್ನೂ ನೋಡಬೇಕು. ಜೋಯಿಯ ಮೊಟಕು ರೈಫಲ್ಲಿಗೆ 'ಮೇರ್ಸ್ ಲೆಗ್' ಎಂದು ಹೆಸರು. ಅದು ಹುಟ್ಟಿದ್ದು ಹತ್ತೊಂಬತ್ತನೆಯ ಶತಮಾನದ ಅಮೆರಿಕದ ಗಡಿನಾಡಿನಲ್ಲಲ್ಲ. 1958ರಿಂದ 1961ರವರೆಗೆ ಸ್ಟೀವ್ ಮ್ಯಾಕ್‌ಕ್ವೀನ್ ನಟಿಸಿದ 'ವಾಂಟೆಡ್: ಡೆಡ್ ಆರ್ ಅಲೈವ್' ಧಾರಾವಾಹಿಗಾಗಿ 1892ರ ಮಾದರಿಯ ವಿಂಚೆಸ್ಟರ್ ರೈಫಲ್ಲನ್ನು ಕತ್ತರಿಸಿ ಅದನ್ನು ತಯಾರಿಸಿದರು. ಆ ಕೋವಿಗೆ ಹಿಡಿಸುತ್ತಿದ್ದುದು .44-40 ತೋಟಾ, ಆದರೆ ನಾಯಕನ ಸೊಂಟಪಟ್ಟಿಯಲ್ಲಿ ಸಿಕ್ಕಿಸಿದ್ದು ನೋಡಲು ಇನ್ನೂ ದಪ್ಪಗಿರುವ .45-70 ತೋಟಾಗಳು. ಅವು ಆ ಕೋವಿಯೊಳಗೆ ಹೋಗುವುದೇ ಇಲ್ಲ. ಮುಂದೆ 1993ರಲ್ಲಿ ಆರಂಭವಾದ 'ಬ್ರಿಸ್ಕೋ ಕೌಂಟಿ' ಧಾರಾವಾಹಿಗಾಗಿ ಇದೇ ಬಗೆಯ ಕೋವಿ ತಯಾರಾಯಿತು. ಜೋಯಿಯ ಕೈಗೆ ಬಂದದ್ದು ಅಲ್ಲಿ ಬಳಸಿದ್ದ ಸಾಮಗ್ರಿಯೇ.

ಮ್ಯಾಲ್‌ನ ಪಿಸ್ತೂಲಿನ ಕವಚ ಬಿಚ್ಚಿದರೆ ಒಳಗಿರುವುದು ಬ್ರೆಜಿಲಿನ ಟಾರಸ್ ಕಂಪನಿಯ ಮಾಡೆಲ್ 85 ರಿವಾಲ್ವರ್. 'ವೀರಾ' ರಷ್ಯಾದ ಸೈಗಾ-12 ಶಾಟ್‌ಗನ್ನಿನ ಮೇಲೆ ಕಟ್ಟಿದ್ದು. ಈ ಪದ್ಧತಿ 'ಫೈರ್‌ಫ್ಲೈ'ಗೆ ಮಾತ್ರ ಸೇರಿದ್ದೇನಲ್ಲ. 1977ರ 'ಸ್ಟಾರ್ ವಾರ್ಸ್'ನಲ್ಲಿ ಹಾನ್ ಸೋಲೋ ಹಿಡಿದ ಬ್ಲಾಸ್ಟರ್ ಜರ್ಮನಿಯ ಮೌಸರ್ ಸಿ96 ಪಿಸ್ತೂಲಿನ ಮೇಲೆ ರಚಿತವಾದದ್ದು. 2019ರಲ್ಲಿ ಬಂದ 'ದಿ ಮ್ಯಾಂಡಲೋರಿಯನ್' ಕೂಡ ಅದೇ ಪರಂಪರೆಯನ್ನು ಮುಂದುವರಿಸಿತು.

ಹಳೆಯ ಕೌಬಾಯ್ ಧಾರಾವಾಹಿಗಳಲ್ಲೂ ಇದೇ ಕಥೆ. 1870ರ ದಶಕದ ಕಥೆಗಳಲ್ಲಿ 1892ರ ವಿಂಚೆಸ್ಟರ್ ಮತ್ತೆ ಮತ್ತೆ ಕಾಣಿಸಿಕೊಳ್ಳಲು ಕಾರಣ, ಅದು ಅಗ್ಗವಾಗಿ ಸಿಗುತ್ತಿತ್ತು, ಮತ್ತು ಹಲವು ಬಗೆಯ ಕೋವಿಗಳಿಗೆ ಹೊಂದುವ ಒಂದೇ ಹುಸಿ ತೋಟಾವನ್ನು ಅದಕ್ಕೂ ಹಾಕಬಹುದಿತ್ತು. ಹಾಗಾಗಿ ನಾವು ಇಂದು ಹಳೆಯ ಕಾಲದ ಕೋವಿ ಎಂದು ಗುರುತಿಸುವುದು ಆ ಕಾಲದ ಕೋವಿಯನ್ನಲ್ಲ, ಟೆಲಿವಿಷನ್ ನಮಗೆ ರೂಢಿ ಮಾಡಿಸಿದ ಕೋವಿಯನ್ನು. ನೀಲಿದಿಗಂತ ಅವರು ಕೇಳುವ ಪೂರೈಕೆಯ ಪ್ರಶ್ನೆ ಒಳ್ಳೆಯದೇ. ಆದರೆ ಧಾರಾವಾಹಿ ಮಾಡಿದವರು ಮೊದಲು ಉತ್ತರಿಸಿದ್ದು ಸಾಮಗ್ರಿ ಕೋಣೆಯಲ್ಲಿ ಏನಿದೆ ಎಂಬ ಪ್ರಶ್ನೆಗೆ ಎನ್ನುವುದನ್ನು ಮರೆಯಬಾರದು.

ನೀಲಿದಿಗಂತ

ಬೆಳ್ಳಿತೆರೆಯವರ ಮಾಹಿತಿ ಬಹಳ ಉಪಯುಕ್ತವಾಗಿದೆ. ಆದರೆ ಸಾಮಗ್ರಿ ಹೇಗೆ ಬಂತೆಂಬುದು ತಯಾರಿಕೆಯ ಚರಿತ್ರೆ. ಬಂದ ಮೇಲೆ ಕಥೆಯ ಲೋಕದಲ್ಲಿ ಅದು ಹೇಗೆ ಬದುಕುತ್ತದೆ ಎಂಬುದು ಬೇರೆ ಪ್ರಶ್ನೆ. ಇಲ್ಲಿ ಅಮೆರಿಕದ ನಿಜವಾದ ಗಡಿನಾಡನ್ನು ನೆನೆಯುವುದು ಅಗತ್ಯ. ಗಡಿನಾಡು ಎಂದರೆ ಹಳೆಯ ವಸ್ತುಗಳ ನಾಡು ಎಂಬ ಕಲ್ಪನೆ ಸರಿಯಲ್ಲ. ಖಂಡದ ಎರಡು ಅಂಚುಗಳನ್ನು ತಂತಿ ಸಂಪರ್ಕ ಬೆಸೆದದ್ದು 1861ರಲ್ಲಿ, ರೈಲುಹಳಿ ಬೆಸೆದದ್ದು 1869ರಲ್ಲಿ. 1873ರಲ್ಲಿ ಹೊರಬಂದ ಕೋಲ್ಟ್ ರಿವಾಲ್ವರ್ ಹಾರ್ಟ್‌ಫರ್ಡ್‌ನ ಕಾರ್ಖಾನೆಯದು, ಅದೇ ವರ್ಷದ ವಿಂಚೆಸ್ಟರ್ ನ್ಯೂ ಹೇವನ್‌ನದು. ಎರಡೂ ಊರುಗಳು ಪೂರ್ವ ತೀರದ ಕನೆಕ್ಟಿಕಟ್ ರಾಜ್ಯದಲ್ಲಿವೆ. ಅಂದರೆ ಕುದುರೆಯ ಮೇಲೆ ಕುಳಿತ ಕೌಬಾಯ್ ಹಿಡಿದಿದ್ದುದು ಆ ಕಾಲದ ಅತ್ಯಾಧುನಿಕ ಯಂತ್ರೋತ್ಪನ್ನವನ್ನು, ಸಾವಿರಾರು ಮೈಲಿ ದೂರದ ಕಾರ್ಖಾನೆಯಿಂದ ರೈಲಿನಲ್ಲಿ ಬಂದ ಸರಕನ್ನು.

ಹೀಗಿದ್ದರೂ ಅವನು ಆರಿಸಿಕೊಂಡದ್ದು ಬರಿಯ ಹೊಸತನವನ್ನಲ್ಲ. ಕೋಲ್ಟ್ ಕಂಪನಿಯು 1878ರ ಹೊತ್ತಿಗೆ ತನ್ನ ರಿವಾಲ್ವರನ್ನು ವಿಂಚೆಸ್ಟರ್ ರೈಫಲ್ಲಿನ .44-40 ತೋಟಾಕ್ಕೇ ಹೊಂದುವಂತೆ ಮಾಡಿ, 'ಫ್ರಾಂಟಿಯರ್ ಸಿಕ್ಸ್-ಶೂಟರ್' ಎಂದು ಹೆಸರಿಟ್ಟು ಮಾರಿತು. ದೂರದ ಹುಲ್ಲುಗಾವಲಿನಲ್ಲಿರುವವನು ಒಂದೇ ಬಗೆಯ ತೋಟಾ ಕೊಂಡು ರೈಫಲ್ಲಿಗೂ ರಿವಾಲ್ವರಿಗೂ ಹಾಕಬಹುದಿತ್ತು. ಖಾಲಿಯಾದ ಹಿತ್ತಾಳೆ ಕೊಳವೆಗೆ ಮತ್ತೆ ಮದ್ದು ತುಂಬಿ, ಸೀಸವನ್ನು ಅಚ್ಚಿಗೆ ಹೊಯ್ದು ಗುಂಡು ಮಾಡಿಕೊಳ್ಳುವ ಉಪಕರಣಗಳೂ ಅಂಗಡಿಗಳಲ್ಲಿ ಸಿಗುತ್ತಿದ್ದವು. ಗಡಿನಾಡಿನ ವಿವೇಕ ಇರುವುದು ಇಂತಹ ಕಡೆ.

ಈಗ 'ಸೆರೆನಿಟಿ' ನೌಕೆಯ ಕಡೆ ನೋಡಿ. ಮ್ಯಾಲ್‌ಗೆ ಒಂದು ಬಗೆಯ ಕೋವಿ, ಜೋಯಿಗೆ ಇನ್ನೊಂದು, ಜೇನ್‌ನ ಬಳಿಯಂತೂ ಗೋಡೆ ತುಂಬ ಬಗೆಬಗೆಯವು. ಊಟಕ್ಕೂ ಇಂಧನಕ್ಕೂ ಪರದಾಡುವ ಈ ತಂಡ ಇಷ್ಟೊಂದು ಅಳತೆಯ ತೋಟಾಗಳನ್ನು ಎಲ್ಲಿಂದ ತರುತ್ತದೆ? ಯಾರೂ ಗುಂಡು ಎಣಿಸುವುದಿಲ್ಲ. ಹಾರಿಸಿದ ಮೇಲೆ ಯಾರೂ ಬಗ್ಗಿ ಕೊಳವೆಗಳನ್ನು ಆಯ್ದುಕೊಳ್ಳುವುದಿಲ್ಲ. ಯುದ್ಧದಲ್ಲಿ ಸೋತವರು ಸೇವೆಯಿಂದ ಹೊರಬಿದ್ದ ಸೇನಾ ಸಾಮಗ್ರಿಯನ್ನೇ ಹೊತ್ತು ತಿರುಗುವುದು ನಂಬುವಂಥ ಮಾತು. 1865ರಲ್ಲಿ ಅಂತರ್ಯುದ್ಧ ಮುಗಿದ ನಂತರದ ಅಮೆರಿಕದಲ್ಲೂ ಆ ಯುದ್ಧದ ರಿವಾಲ್ವರುಗಳನ್ನು ಹೊಸ ತೋಟಾಕ್ಕೆ ಹೊಂದಿಸಿಕೊಂಡು ಜನ ವರ್ಷಾನುಗಟ್ಟಲೆ ಬಳಸಿದರು. ಆದರೆ ಮದ್ದುಗುಂಡು ಮುಗಿದುಹೋಗುವ ವಸ್ತು ಎಂಬ ಅರಿವು ಈ ಧಾರಾವಾಹಿಯ ಕೋವಿಗಳಲ್ಲಿ ಕಾಣುವುದಿಲ್ಲ. ಹದಿನಾಲ್ಕು ಕಂತುಗಳನ್ನು ಪ್ರೀತಿಯಿಂದ ನೋಡಿದವನಾಗಿಯೇ ಈ ಮಾತು ಹೇಳುತ್ತಿದ್ದೇನೆ.

ಮಲೆಕಾಡು

ನಾನು ಮಲೆನಾಡಿನವನು. ಹಳೆಯ ಆಯುಧ ಮತ್ತು ಹೊಸ ತಂತ್ರಜ್ಞಾನ ಒಂದೇ ಮನೆಯಲ್ಲಿ ಇರಲಾರವು ಎಂಬ ಆಕ್ಷೇಪವನ್ನು ಕೇಳಿದಾಗ ನನಗೆ ಆಶ್ಚರ್ಯವಾಗುತ್ತದೆ. ನಮ್ಮ ಕಡೆ ಬೆಳೆ ರಕ್ಷಣೆಯ ಪರವಾನಗಿಯ ಮೇಲೆ ಇಟ್ಟುಕೊಂಡ ಕೇಪಿನ ಕೋವಿಗಳು ಇಂದಿಗೂ ತೋಟದ ಮನೆಗಳಲ್ಲಿವೆ. ನಳಿಗೆಯ ಬಾಯಿಂದ ಮದ್ದು ಸುರಿದು, ನಾರು ಗಿಡಿದು, ಚರೆ ಹಾಕಿ, ಕೇಪು ಇಟ್ಟು ಹಾರಿಸುವ ಈ ಕೋವಿಯ ತಂತ್ರ ಇನ್ನೂರು ವರ್ಷ ಹಿಂದಿನದು. ಅದನ್ನು ಗೋಡೆಗೆ ಒರಗಿಸಿಟ್ಟವನ ಜೇಬಿನಲ್ಲಿ ಉಪಗ್ರಹದಿಂದ ದಾರಿ ಕೇಳಿ ತಿಳಿಯುವ ಫೋನ್ ಇರುತ್ತದೆ. ಚುನಾವಣೆ ಬಂದಾಗ ಕೋವಿಯನ್ನು ಪೊಲೀಸ್ ಠಾಣೆಯಲ್ಲಿ ಜಮಾ ಮಾಡಿ, ಮುಗಿದ ಮೇಲೆ ವಾಪಸು ತರುತ್ತಾರೆ.

ಆ ಕೋವಿ ಉಳಿದುಕೊಂಡದ್ದು ಹಳೆಯದರ ಮೇಲಿನ ಮೋಹದಿಂದಲ್ಲ. ತೋಟಾ ಕೋವಿಗೆ ಕೊಳ್ಳುವಾಗಲೂ ಹೆಚ್ಚು ಹಣ, ಹಾರಿಸಿದಷ್ಟು ಸಲವೂ ಹೆಚ್ಚು ಹಣ. ಕೇಪಿನ ಕೋವಿಯ ಕುದುರೆ, ಅಂದರೆ ಕೇಪಿಗೆ ಬಡಿಯುವ ಭಾಗ, ಸಡಿಲವಾದರೆ ಸುತ್ತಮುತ್ತಲಲ್ಲೇ ಕಬ್ಬಿಣದ ಕೆಲಸ ಬಲ್ಲವರು ಸರಿ ಮಾಡಿಕೊಡಬಲ್ಲರು. ಇದರ ಜೊತೆಗೆ ಕಾನೂನಿನ ಪಾತ್ರವೂ ಇದೆ. ಯಾರಿಗೆ ಯಾವ ಆಯುಧ ಎಂಬುದನ್ನು ಸರ್ಕಾರವೂ ನಿರ್ಧರಿಸುತ್ತದೆ. ಪಕ್ಕದ ಕೊಡಗಿನಲ್ಲಿ ಕೊಡವರಿಗೆ ಪರವಾನಗಿಯಿಂದ ಇರುವ ವಿನಾಯಿತಿ ಬ್ರಿಟಿಷರ ಕಾಲದಿಂದ ಬಂದದ್ದು, 2019ರಲ್ಲಿ ಕೇಂದ್ರ ಸರ್ಕಾರ ಅದನ್ನು ಇನ್ನೂ ಹತ್ತು ವರ್ಷಕ್ಕೆ ಮುಂದುವರಿಸಿತು. 'ಫೈರ್‌ಫ್ಲೈ'ಯ ಲೋಕದಲ್ಲೂ ಗೆದ್ದ ಸರ್ಕಾರವು ಸೋತವರ ಕೈಗೆ ಒಳ್ಳೆಯ ಆಯುಧ ಸಿಗದಂತೆ ನೋಡಿಕೊಳ್ಳುವುದು ಸಹಜವೇ. ಅಂಚಿನ ಗ್ರಹಗಳಲ್ಲಿ ಸೀಸದ ಗುಂಡು ಉಳಿದಿದ್ದರೆ ಅದಕ್ಕೆ ಬಡತನದಷ್ಟೇ ಆಡಳಿತವೂ ಕಾರಣ ಎಂದು ನಾನು ಓದಿಕೊಳ್ಳುತ್ತೇನೆ.

ಕಕ್ಷೆ

ನೈಜತೆಯ ಮಾತು ಬಂದಾಗ 'ದಿ ಎಕ್ಸ್‌ಪ್ಯಾನ್ಸ್' ಅನ್ನು ಬಿಟ್ಟು ಮಾತನಾಡುವುದು ಸರಿಯಲ್ಲ. 2015ರಿಂದ 2022ರ ಆರಂಭದವರೆಗೆ ಆರು ಸರಣಿಗಳಲ್ಲಿ ಪ್ರಸಾರವಾದ ಈ ಧಾರಾವಾಹಿ ನೇರವಾಗಿ ಕೌಬಾಯ್ ಉಡುಪು ತೊಡುವುದಿಲ್ಲ. ಆದರೆ ಕ್ಷುದ್ರಗ್ರಹಗಳ ಪಟ್ಟಿಯಲ್ಲಿ ದುಡಿಯುವ ಜನ, ಅವರ ನೀರು ಗಾಳಿಯ ಮೇಲೆ ಹಿಡಿತವಿರುವ ದೂರದ ಸರ್ಕಾರಗಳು, ಹ್ಯಾಟು ತೊಟ್ಟು ಅಲೆಯುವ ಪತ್ತೇದಾರ ಮಿಲ್ಲರ್, ಇವೆಲ್ಲ ಗಡಿನಾಡಿನ ಕಥೆಯ ಅಂಗಗಳೇ. ಅಲ್ಲಿಯೂ ಕೈಯಲ್ಲಿ ಹಿಡಿಯುವ ಆಯುಧಗಳು ಗುಂಡು ಹಾರಿಸುವ ಪಿಸ್ತೂಲು, ರೈಫಲ್ಲುಗಳೇ ಆಗಿವೆ. ನೌಕೆಗಳು ಒಂದರ ಮೇಲೊಂದು ಬಳಸುವುದು ಕ್ಷಿಪಣಿಗಳನ್ನು, ಅವುಗಳನ್ನು ತಡೆಯಲು ಎಡೆಬಿಡದೆ ಗುಂಡು ಸುರಿಸುವ ಫಿರಂಗಿಗಳನ್ನು, ಮತ್ತು ವಿದ್ಯುತ್‌ಕಾಂತ ಬಲದಿಂದ ಲೋಹದ ತುಂಡನ್ನು ಎಸೆಯುವ ರೇಲ್‌ಗನ್ನುಗಳನ್ನು. ಕಾಳಗಕ್ಕೆ ಮೊದಲು ಯಾತ್ರಿಗಳು ಉಡುಪು ತೊಟ್ಟು ನೌಕೆಯೊಳಗಿನ ಗಾಳಿಯನ್ನು ಖಾಲಿ ಮಾಡುವುದನ್ನೂ ತೋರಿಸುತ್ತಾರೆ.

ಮೊದಲ ಸರಣಿಯ 'ಸಿಕ್ಯೂಬಿ' ಎಂಬ ಕಂತಿನಲ್ಲಿ ರೇಲ್‌ಗನ್ನಿನ ತುಂಡೊಂದು ನೌಕೆಯ ಒಂದು ಗೋಡೆಯಿಂದ ಒಳಬಂದು, ಒಬ್ಬ ಮನುಷ್ಯನ ತಲೆಯನ್ನು ಒಯ್ದು, ಇನ್ನೊಂದು ಗೋಡೆಯಿಂದ ಹೊರಹೋಗುತ್ತದೆ. ಸ್ಫೋಟವಿಲ್ಲ, ಬೆಂಕಿಯಿಲ್ಲ. ಎರಡು ತೂತುಗಳಿಂದ ಗಾಳಿ ಹೊರಹೋಗುತ್ತಿರುವಾಗ ಉಳಿದವರು ಕೈಗೆ ಸಿಕ್ಕಿದ್ದನ್ನು ಒತ್ತಿ ಮುಚ್ಚುತ್ತಾರೆ. ನೌಕೆಯೊಳಗೆ ಗುಂಡು ಹಾರಿದರೆ ಎಲ್ಲರೂ ಆ ತೂತಿನಿಂದ ಹೊರಗೆ ಎಳೆದುಹೋಗುತ್ತಾರೆ ಎಂಬ ಕಲ್ಪನೆಗೆ ಇದು ತಕ್ಕ ಉತ್ತರ. 2018ರ ಆಗಸ್ಟ್‌ನಲ್ಲಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಜೋಡಿಸಿದ್ದ ಸೋಯುಜ್ ನೌಕೆಯಲ್ಲಿ ಸುಮಾರು 2 ಮಿಲಿಮೀಟರಿನ ತೂತು ಪತ್ತೆಯಾದಾಗ, ಯಾತ್ರಿಗಳು ಮೊದಲು ಪಟ್ಟಿ ಅಂಟಿಸಿ, ಆಮೇಲೆ ಎಪಾಕ್ಸಿ ಅಂಟಿನಿಂದ ಮುಚ್ಚಿದರು. ಪಿಸ್ತೂಲಿನ ಗುಂಡಿನ ತೂತು ಅದಕ್ಕಿಂತ ದೊಡ್ಡದಾದರೂ, ಹುಡುಕಿ ಮುಚ್ಚಲು ಸಮಯ ಸಿಗುವಂಥದ್ದೇ. ಗುಂಡು ತಾಗಿ ಒಳಗಿನ ಕೊಳವೆಯೋ ತಂತಿಯೋ ತುಂಡಾಗುವುದು ಹೆಚ್ಚಿನ ಅಪಾಯ.

ಲೇಸರ್ ಪಿಸ್ತೂಲು ಏಕಿಲ್ಲ ಎಂಬುದಕ್ಕೂ ಶಕ್ತಿಯ ಲೆಕ್ಕವೇ ಉತ್ತರ ಕೊಡುತ್ತದೆ. ಸಣ್ಣ ರಿವಾಲ್ವರಿನ ಗುಂಡಿಗೆ ಸುಮಾರು 300 ಜೂಲ್ ಚಲನಶಕ್ತಿ ಇರುತ್ತದೆ. ಅದಕ್ಕೆ ಅರ್ಧ ಗ್ರಾಮಿಗಿಂತ ಕಡಿಮೆ ಮದ್ದು ಸಾಕು. ಒಂದು ಕಿಲೋ ಹೊಗೆರಹಿತ ಮದ್ದಿನಲ್ಲಿ ಅಡಗಿರುವ ಶಕ್ತಿ, ಒಂದು ಕಿಲೋ ಲಿಥಿಯಂ ಬ್ಯಾಟರಿಯಲ್ಲಿ ತುಂಬಿಡಬಹುದಾದ ಶಕ್ತಿಗಿಂತ ಹಲವು ಪಟ್ಟು ಹೆಚ್ಚು. ಅಮೆರಿಕದ ನೌಕಾಪಡೆಯು 2014ರಲ್ಲಿ 'ಪೋನ್ಸ್' ಹಡಗಿನ ಮೇಲೆ 30 ಕಿಲೋವಾಟ್‌ನ ಲೇಸರನ್ನು ಅಳವಡಿಸಿದಾಗ ಅದರ ಬೆನ್ನಿಗೆ ಪ್ರತ್ಯೇಕವಾದ ಒಂದು ಡೀಸೆಲ್ ಜನರೇಟರ್ ಇತ್ತು. ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ದಿನ ಬಂದರೂ, ಬ್ಯಾಟರಿ ತುಂಬಿಸುವ ವ್ಯವಸ್ಥೆ ಇರುವ ಊರಿನಲ್ಲಿ ಮಾತ್ರ ಅದು ಆಯುಧ.

ತಿರುಪುಮೊಳೆ

ಕಕ್ಷೆಯವರ ಕೊನೆಯ ಮಾತನ್ನು 'ಫೈರ್‌ಫ್ಲೈ' ತಾನೇ ತೋರಿಸಿದೆ. 'ಹಾರ್ಟ್ ಆಫ್ ಗೋಲ್ಡ್' ಕಂತಿನ ದುಷ್ಟ ಜಮೀನ್ದಾರ ಬರ್ಜೆಸ್ ಬಳಿ ದುಬಾರಿ ಲೇಸರ್ ಪಿಸ್ತೂಲು ಇರುತ್ತದೆ. ತನ್ನ ಗ್ರಹದ ಉಳಿದವರನ್ನು ಬೇಕೆಂದೇ ಹಿಂದುಳಿದ ಸ್ಥಿತಿಯಲ್ಲಿಟ್ಟು ತಾನೊಬ್ಬ ಹೊಸ ಆಯುಧ ಹಿಡಿದು ಮೆರೆಯುವ ಆತನ ಪಿಸ್ತೂಲು, ಕಾಳಗದ ನಡುವೆ ಬ್ಯಾಟರಿ ಪರೀಕ್ಷಿಸಿ ಎಂಬ ಸೂಚನೆ ತೋರಿಸಿ ನಿಂತುಬಿಡುತ್ತದೆ. 'ಟ್ರ್ಯಾಶ್' ಕಂತಿನಲ್ಲಿ ಕದಿಯುವ 'ಲ್ಯಾಸಿಟರ್' ಕೂಡ ಲೇಸರ್ ಪಿಸ್ತೂಲೇ. ಅದು ಆ ಕಾಲಕ್ಕೇ ಪುರಾತನ ವಸ್ತು, ಶ್ರೀಮಂತ ಸಂಗ್ರಾಹಕನ ಮನೆಯಲ್ಲಿ ಇಟ್ಟದ್ದು. ಲೇಸರ್ ಹಳೆಯದಾಗಿ ವಸ್ತುಸಂಗ್ರಹ ಸೇರಿದೆ, ಸೀಸದ ಗುಂಡು ಇನ್ನೂ ಬಳಕೆಯಲ್ಲಿದೆ. ಯಾವುದು ಮುಂದೆ, ಯಾವುದು ಹಿಂದೆ ಎಂಬ ನಮ್ಮ ನೇರ ಗೆರೆಯನ್ನು ಇದು ಚೆನ್ನಾಗಿ ಕಲಕುತ್ತದೆ.

ಪೂರೈಕೆಯೇ ಆಯುಧದ ಆಯುಸ್ಸನ್ನು ತೀರ್ಮಾನಿಸುತ್ತದೆ ಎಂಬುದಕ್ಕೆ ಬಾಹ್ಯಾಕಾಶದ ಚರಿತ್ರೆಯಲ್ಲೇ ಒಂದು ನಿಜವಾದ ನಿದರ್ಶನವಿದೆ. 1965ರ ಮಾರ್ಚ್‌ನಲ್ಲಿ ಅಲೆಕ್ಸೇಯ್ ಲಿಯೊನೊವ್ ಮತ್ತು ಪಾವೆಲ್ ಬೆಲ್ಯಾಯೆವ್ ಇದ್ದ ವಸ್ಖೋದ್-2 ನೌಕೆ ಗುರಿ ತಪ್ಪಿ ಉರಲ್ ಪ್ರದೇಶದ ಹಿಮಾವೃತ ಕಾಡಿನಲ್ಲಿ ಇಳಿಯಿತು. ತೋಳ ಕರಡಿಗಳಿರುವ ಕಾಡಿನಲ್ಲಿ ರಾತ್ರಿ ಕಳೆದ ಆ ಅನುಭವದ ಫಲವಾಗಿ ಮುಂದೆ ಗಗನಯಾತ್ರಿಗಳಿಗಾಗಿಯೇ ಟಿಪಿ-82 ಎಂಬ ಮೂರು ನಳಿಗೆಯ ಪಿಸ್ತೂಲು ತಯಾರಾಯಿತು. ಮೇಲಿನ ಎರಡು ನಳಿಗೆ ಚರೆಗೆ, ಕೆಳಗಿನದು 5.45 ಮಿಲಿಮೀಟರಿನ ಗುಂಡಿಗೆ. ಕಳಚಬಹುದಾದ ಹಿಡಿಯೊಳಗೆ ಮಚ್ಚಿನ ಅಲಗು ಇತ್ತು. 1980ರ ದಶಕದಿಂದ ಸೋಯುಜ್ ನೌಕೆಗಳಲ್ಲಿ ಹೋಗಿಬಂದ ಈ ಕೋವಿಯನ್ನು ನಿಲ್ಲಿಸಿದ್ದು, ಅದಕ್ಕೆಂದೇ ಮಾಡಿದ ವಿಶೇಷ ತೋಟಾಗಳ ಬಾಳಿಕೆಯ ಅವಧಿ ಮುಗಿದದ್ದರಿಂದ ಎಂದು 2007ರಲ್ಲಿ ಸುದ್ದಿಯಾಯಿತು. ಬದಲಿಗೆ ಬಂದದ್ದು ಸಾಮಾನ್ಯ ಪಿಸ್ತೂಲು. ಎಲ್ಲೆಡೆ ಸಿಗುವ ತೋಟಾದ ಮುಂದೆ ಜಾಣತನದ ವಿನ್ಯಾಸ ಸೋತಿತು.

ಹೊಸಓದುಗ

ಕುದುರೆಗಳ ಬಗ್ಗೆ ಯಾರೂ ಬರೆಯಲಿಲ್ಲ. ಬಾಹ್ಯಾಕಾಶ ನೌಕೆ ಇರುವ ಕಾಲದಲ್ಲಿ ಕುದುರೆ ಸವಾರಿ, ದನ ಸಾಗಾಟ ನಂಬುವಂಥದ್ದೇ?

ಮಲೆಕಾಡು

ಕುದುರೆಯನ್ನು ನಾನು ಪೂರ್ತಿ ನಂಬುತ್ತೇನೆ. ಅದು ಹುಲ್ಲು ತಿಂದು ಬದುಕುತ್ತದೆ, ಮರಿ ಹಾಕುತ್ತದೆ, ಬಿಡಿಭಾಗ ಕೇಳುವುದಿಲ್ಲ. ರಸ್ತೆಯಿಲ್ಲದ ಹೊಸ ನೆಲದಲ್ಲಿ ಅದಕ್ಕಿಂತ ಉತ್ತಮ ವಾಹನ ಸಿಗುವುದು ಕಷ್ಟ. ದನಗಳನ್ನು ಜೀವಂತವಾಗಿ ನೌಕೆಯಲ್ಲಿ ಸಾಗಿಸುವ 'ಸೇಫ್' ಕಂತಿನ ವ್ಯಾಪಾರ ಮಾತ್ರ ನನಗೆ ಲೆಕ್ಕಕ್ಕೆ ಸಿಗಲಿಲ್ಲ. ದಾರಿಯುದ್ದಕ್ಕೂ ಒಂದು ಹಸು ಕುಡಿಯುವ ನೀರು, ಎಳೆದುಕೊಳ್ಳುವ ಆಮ್ಲಜನಕ, ಹಾಕುವ ಸಗಣಿ ಇವುಗಳ ಖರ್ಚೇ ಹಸುವಿನ ಬೆಲೆಯನ್ನು ಮೀರೀತು. ತಳಿಯ ಭ್ರೂಣಗಳನ್ನು ಸಾಗಿಸುವುದು ಸುಲಭ.

ಬೆಳ್ಳಿತೆರೆ

ಹಳೆಯ ಯಂತ್ರವೇ ಕಾಪಾಡುವ ಕಥೆಗಳಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಜಪಾನಿನ 'ಕೌಬಾಯ್ ಬಿಬಾಪ್'. 1998ರಲ್ಲಿ ಆರಂಭವಾದ 26 ಕಂತುಗಳ ಈ ಅನಿಮೇಷನ್ ಸರಣಿಯ ನಾಯಕ ಸ್ಪೈಕ್, 2071ರಲ್ಲಿಯೂ ಜೆರಿಕೋ 941 ಎಂಬ ಇಸ್ರೇಲಿನ ಪಿಸ್ತೂಲನ್ನು ಇಟ್ಟುಕೊಂಡಿರುತ್ತಾನೆ. ಆದರೆ ನಾನು ಹೇಳಹೊರಟಿರುವುದು 'ವೈಲ್ಡ್ ಹಾರ್ಸಸ್' ಕಂತಿನ ಬಗ್ಗೆ. ಅದರಲ್ಲಿ ದರೋಡೆಕೋರರು ನೌಕೆಗಳ ಕಂಪ್ಯೂಟರುಗಳಿಗೆ ವೈರಸ್ ಹೊಗಿಸಿ ಅವನ್ನು ನಿಷ್ಕ್ರಿಯಗೊಳಿಸುತ್ತಾರೆ. ಸ್ಪೈಕ್ ಕಂಪ್ಯೂಟರಿನ ನೆರವು ಬಿಟ್ಟು ಕೈಯಿಂದಲೇ ನೌಕೆ ನಡೆಸುತ್ತಾನೆ, ಕೊನೆಗೆ ಇಂಧನ ತೀರಿ ಭೂಮಿಯತ್ತ ಬೀಳತೊಡಗುತ್ತಾನೆ. ಅವನನ್ನು ಹಿಡಿದು ಇಳಿಸಲು ಡೂಹಾನ್ ಎಂಬ ಮುದುಕ ಮೆಕ್ಯಾನಿಕ್ ಮೇಲಕ್ಕೊಯ್ಯುವುದು, ತಾನು ವರ್ಷಗಟ್ಟಲೆ ದುರಸ್ತಿ ಮಾಡುತ್ತ ಬಂದ 'ಕೊಲಂಬಿಯಾ' ಬಾಹ್ಯಾಕಾಶ ಷಟಲ್ಲನ್ನು. ಮರುಪ್ರವೇಶದ ಶಾಖದಲ್ಲಿ ಅದರ ರಕ್ಷಣಾ ಹೆಂಚುಗಳು ಕಿತ್ತುಹೋಗುವುದನ್ನೂ ತೋರಿಸಿದ್ದಾರೆ. ಈ ಕಂತು ಬಂದು ಕೆಲವೇ ವರ್ಷಗಳಲ್ಲಿ, 2003ರ ಫೆಬ್ರುವರಿ 1ರಂದು, ನಿಜವಾದ ಕೊಲಂಬಿಯಾ ಮರುಪ್ರವೇಶದಲ್ಲಿಯೇ ಒಡೆದು ಕಲ್ಪನಾ ಚಾವ್ಲಾ ಸೇರಿದಂತೆ ಏಳು ಮಂದಿ ತೀರಿಕೊಂಡರು. ಅದು ತಿಳಿದ ಮೇಲೆ ಆ ಕಂತನ್ನು ಹಗುರವಾಗಿ ನೋಡಲು ನನಗೆ ಸಾಧ್ಯವಾಗಿಲ್ಲ.

ಕಂಪ್ಯೂಟರಿನ ಜಾಲವನ್ನು ದೂರವಿಡುವ ಇದೇ ಎಚ್ಚರ 2003ರ ಕೊನೆಯಲ್ಲಿ ಬಂದ ಹೊಸ 'ಬ್ಯಾಟಲ್‌ಸ್ಟಾರ್ ಗ್ಯಾಲಾಕ್ಟಿಕಾ'ದ ಬುನಾದಿ. ನಿವೃತ್ತಿಯ ಅಂಚಿನ ಯುದ್ಧನೌಕೆಯ ಕಂಪ್ಯೂಟರುಗಳು ಒಂದಕ್ಕೊಂದು ಜೋಡಿಸಿಲ್ಲ, ಅದರ ಫೋನುಗಳಿಗೆ ಇನ್ನೂ ತಂತಿಯಿದೆ. ಶತ್ರುಗಳು ಜಾಲದ ಮೂಲಕ ಹೊಸ ನೌಕೆಗಳನ್ನೆಲ್ಲ ನಿಲ್ಲಿಸಿದಾಗ ಈ ಹಳೆಯದು ಉಳಿಯುತ್ತದೆ. ಇದರ ಮತ್ತು 'ಫೈರ್‌ಫ್ಲೈ'ಯ ದೃಶ್ಯಪರಿಣಾಮಗಳನ್ನು ಮಾಡಿದ್ದು ಒಂದೇ ಸಂಸ್ಥೆ, ಜೋಯಿಕ್ ಸ್ಟುಡಿಯೋಸ್. 'ಫೈರ್‌ಫ್ಲೈ'ಗೆ 2003ರಲ್ಲಿ ದೃಶ್ಯಪರಿಣಾಮಗಳಿಗಾಗಿ ಎಮ್ಮಿ ಪ್ರಶಸ್ತಿಯೂ ಬಂತು. ನೌಕೆಯನ್ನು ಯಾರೋ ಕೈಯಲ್ಲಿ ಕ್ಯಾಮೆರಾ ಹಿಡಿದು ತಡವರಿಸುತ್ತ ಹುಡುಕಿದಂತೆ ತೋರಿಸುವ ರೀತಿ, ಬಾಹ್ಯಾಕಾಶದ ದೃಶ್ಯಗಳಲ್ಲಿ ಸ್ಫೋಟದ ಸದ್ದೇ ಇಲ್ಲದೆ ತಂತಿವಾದ್ಯ ಮಾತ್ರ ಕೇಳಿಸುವುದು, ಇವು ಕೋವಿಗಳಿಗಿಂತ ಹೆಚ್ಚಾಗಿ ಆ ಲೋಕವನ್ನು ನನಗೆ ನಂಬಿಸಿದವು.

ನೀಲಿದಿಗಂತ

ಒಪ್ಪುತ್ತೇನೆ, ಮತ್ತು ಅದಕ್ಕೆ ಒಂದು ಯಂತ್ರಭಾಗವನ್ನು ಸೇರಿಸುತ್ತೇನೆ. ಮೊದಲ ಕಂತಿನಲ್ಲಿ ಮೆಕ್ಯಾನಿಕ್ ಕೇಲೀ ನೌಕೆಗೆ ಹೊಸ ಕಂಪ್ರೆಷನ್ ಕಾಯಿಲ್ ಬೇಕೆಂದು ಕೇಳುತ್ತಾಳೆ. ಹಣವಿಲ್ಲದ ಮ್ಯಾಲ್ ಮಾತು ತೇಲಿಸಿಬಿಡುತ್ತಾನೆ. ಏಳು ಕಂತು ಕಳೆದು 'ಔಟ್ ಆಫ್ ಗ್ಯಾಸ್' ಬರುವಾಗ ಅದೇ ಕಾಯಿಲ್‌ನ ಕ್ಯಾಟಲೈಸರ್ ಎಂಬ ಅಂಗೈಯಗಲದ ಭಾಗ ಕೈಕೊಡುತ್ತದೆ. ಬೆಂಕಿ ಹೊತ್ತಿಕೊಳ್ಳುತ್ತದೆ. ನೌಕೆಯ ದೊಡ್ಡ ಬಾಗಿಲು ತೆರೆದು, ಗಾಳಿಯೊಡನೆ ಬೆಂಕಿಯನ್ನೂ ನಿರ್ವಾತಕ್ಕೆ ಬಿಟ್ಟು ಆರಿಸುತ್ತಾರೆ. ಉಸಿರಾಟದ ವ್ಯವಸ್ಥೆ ನಿಂತುಹೋಗಿ, ಉಳಿದವರು ಎರಡು ಪುಟ್ಟ ನೌಕೆಗಳಲ್ಲಿ ಎರಡು ದಿಕ್ಕಿಗೆ ಹೊರಟು, ಮ್ಯಾಲ್ ಒಬ್ಬನೇ ಉಳಿಯುತ್ತಾನೆ. ಆ ಭಾಗ ತಂದ ಅಪರಿಚಿತರು ಅವನಿಗೇ ಗುಂಡು ಹೊಡೆಯುತ್ತಾರೆ. ರಕ್ತ ಸುರಿಸುತ್ತ ತೆವಳಿಕೊಂಡು ಹೋಗಿ ಅವನು ಆ ಭಾಗವನ್ನು ಕೂಡಿಸುತ್ತಾನೆ. ಕೋವಿಗಳ ವಿಷಯದಲ್ಲಿ ನಾನು ಬಯಸಿದ ಪೂರೈಕೆ, ದುರಸ್ತಿ, ಬೆಲೆಗಳ ಲೆಕ್ಕವೆಲ್ಲ ಎಂಜಿನ್ನಿನ ವಿಷಯದಲ್ಲಿ ಇಲ್ಲಿ ಸಂಪೂರ್ಣವಾಗಿ ಸಿಗುತ್ತದೆ. ಇದೇ ಶ್ರದ್ಧೆಯಿಂದ ಒಂದು ಕಂತನ್ನು ತೋಟಾಗಳ ಮೇಲೆ ಬರೆದಿದ್ದರೆ ಎಂದು ಆಸೆಯಾಗುತ್ತದೆ.

ಹೊಸಓದುಗ

ಇಷ್ಟೆಲ್ಲ ಓದಿದ ಮೇಲೆ ನೋಡಲೇಬೇಕೆನಿಸಿದೆ. ಪ್ರಸಾರವಾದ ಕ್ರಮದಲ್ಲಿಯೇ ನೋಡಬಹುದೇ?

ನೀಲಿದಿಗಂತ

ದಯವಿಟ್ಟು ಬೇಡ. ಫಾಕ್ಸ್ ವಾಹಿನಿಯು 2002ರ ಸೆಪ್ಟೆಂಬರ್ 20ರಂದು ಎರಡನೆಯ ಕಂತಾದ 'ದಿ ಟ್ರೇನ್ ಜಾಬ್'ನಿಂದ ಪ್ರಸಾರ ಆರಂಭಿಸಿ, ಮೊದಲ ಕಂತಾದ 'ಸೆರೆನಿಟಿ'ಯನ್ನು ಡಿಸೆಂಬರ್ 20ರಂದು ಕೊನೆಯಲ್ಲಿ ತೋರಿಸಿತು. ಹಾಗಾಗಿ ಅಂದಿನ ಪ್ರೇಕ್ಷಕರು ಕಾಯಿಲ್ ಕೆಟ್ಟದ್ದನ್ನು ಅಕ್ಟೋಬರಿನಲ್ಲಿ ನೋಡಿದರು, ಅದರ ಬಗ್ಗೆ ಕೇಲೀ ಕೊಟ್ಟ ಎಚ್ಚರಿಕೆಯನ್ನು ಡಿಸೆಂಬರಿನಲ್ಲಿ ಕೇಳಿದರು. ತಯಾರಾದ 14 ಕಂತುಗಳಲ್ಲಿ 11 ಮಾತ್ರ ಆಗ ಪ್ರಸಾರವಾದವು. ಉಳಿದ ಮೂರರಲ್ಲಿ 'ಟ್ರ್ಯಾಶ್' ಮತ್ತು 'ಹಾರ್ಟ್ ಆಫ್ ಗೋಲ್ಡ್' ಸೇರಿದ್ದರಿಂದ, ತಿರುಪುಮೊಳೆಯವರು ವಿವರಿಸಿದ ಎರಡು ಲೇಸರ್ ಪಿಸ್ತೂಲುಗಳನ್ನೂ ಪ್ರೇಕ್ಷಕರು ಆ ಮೊದಲ ಪ್ರಸಾರದಲ್ಲಿ ನೋಡಲೇ ಇಲ್ಲ. ಡಿವಿಡಿಯಲ್ಲಿರುವ ಕ್ರಮವೇ ಸರಿಯಾದದ್ದು. 'ಸೆರೆನಿಟಿ'ಯಿಂದ ಆರಂಭಿಸಿ, ಕೇಲೀ ಕಾಯಿಲ್ ಕೇಳುವ ಮಾತನ್ನು ಗಮನವಿಟ್ಟು ಕೇಳಿಸಿಕೊಳ್ಳಿ.